ಎದುರುಮನೆ ಅಜ್ಜಿಯ ಐಸ್ ಕ್ಯಾಂಡಿ

ಯಶವಂತಪುರದ ನಮ್ಮ ವಠಾರದಲ್ಲಿ ಎದುರುಮನೆ ಅಜ್ಜಿ ಇದ್ದಷ್ಟು ದಿನ ಯಾವ ಮಗುವೂ ನೆಮ್ಮದಿಯಾಗಿ ಐಸ್ ಕ್ಯಾಂಡಿ ತಿಂದದ್ದಿಲ್ಲ. ಕ್ಯಾಂಡಿಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಗೆ ಬಂದುಬಿಡುತ್ತಿದ್ದರು.

"ಗಂಟ್ಲು ಕಟ್ಕೊಳ್ಳುತ್ತೆ, ಬಿಸಾಕು."

ಅರವತ್ತನೇ ಇಸವಿಯ ಆಚೀಚೆ, ನನಗೆ ಎಂಟು ವರ್ಷವಿದ್ದಾಗ, ಟಾನ್ಸಿಲ್ ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದೆ. ಅಜ್ಜಿ ಆಗಲೇ ಮೆಣಸಿನ ಕಷಾಯ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬಿಸಿ ಕೊಡಬಾರದಂತೆ ಅಜ್ಜಿ. ಐಸ್ ಕ್ಯಾಂಡಿ ಕೊಡಿ ಅಂದ್ರು ಡಾಕ್ಟ್ರು" ಎಂದಳು ಅಮ್ಮ.

ಅಜ್ಜಿ ಆ ಕಷಾಯವನ್ನು ನಿಂತಲ್ಲೇ ತಾವೇ ಕುಡಿದು ಹೊರಟುಹೋದರು.

ನೋವಿಗೆ ಹೆದರಿ ನಾನು ಎರಡು ದಿನ ಗುಟುಕು ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಅಮ್ಮ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೂರನೆಯ ದಿನ ಸೈಕಲ್ ಗಂಟೆ ಕೇಳಿಸಿದಾಗ ಅಜ್ಜಿಯೇ ಹೋಗಿ ಎರಡು ಕ್ಯಾಂಡಿ ತಂದರು. ಒಂದನ್ನು ನನ್ನ ಕೈಗಿಟ್ಟು, "ನೋಡು, ನಾನೂ ತಿಂತೀನಿ. ಏನೂ ಆಗಲ್ಲ" ಎಂದು ಇನ್ನೊಂದನ್ನು ಬಾಯಿಗಿಟ್ಟುಕೊಂಡರು. ತಣ್ಣನೆಯದು ತಾಗಿ ಅಜ್ಜಿಯ ಬೊಚ್ಚು ಬಾಯಿ ಸೊಟ್ಟಗಾಯಿತು, ಆಮೇಲೆ ಕಣ್ಣರಳಿತು. ನಾನೂ ಮೆಲ್ಲಗೆ ಚೀಪಿದೆ, ನುಂಗಿದೆ. ನನ್ನದು ಅರ್ಧವಾಗುವಷ್ಟರಲ್ಲಿ ಅಜ್ಜಿ ತಮ್ಮದನ್ನು ಮುಗಿಸಿ, ಮತ್ತೊಂದು ತರಲು ಎದ್ದರು.

ಆಗ ನನ್ನ ಹೊಸ ಗಂಟಲಿನಿಂದ ಮೊದಲ ಮಾತು ಹೊರಟಿತು: "ಅಜ್ಜಿ, ಗಂಟ್ಲು ಕಟ್ಕೊಳ್ಳುತ್ತೆ."