ಕೆಂಚಮ್ಮನ ಸತ್ತ ಹಲ್ಲು

ದಿಂಡಿಗಲ್ಲಿನ ಬಂಗಲೆಯೊಂದರಲ್ಲಿ ಬಿಳಿಯ ಡೆಂಟಿಸ್ಟ್ ಒಬ್ಬ ನನ್ನ ಹೆಂಡತಿಯ ಹಲ್ಲಿಗೆ ಪಾಷಾಣ ಇಟ್ಟ. ನಾನು ಪಕ್ಕದಲ್ಲೇ ನಿಂತು ನೋಡಿದೆ.

(ಗಾಬರಿಯಾಗಬೇಡಿ. ಆಕೆ ಚೆನ್ನಾಗಿದ್ದಾಳೆ. ನಾನಿದನ್ನು ಬರೆಯುವಾಗ ಹಿತ್ತಿಲಲ್ಲಿ ಯಾರನ್ನೋ ಗದರಿಸುತ್ತಿದ್ದಾಳೆ.)

ತಮಿಳು ಸೀಮೆಯ ಉತ್ತಮಪಾಳಯದ, ಕನ್ನಡ ಮಾತಾಡುವ ನಮ್ಮ ಮನೆಯಲ್ಲಿ ಕೆಂಚಮ್ಮನ ದವಡೆ ಹಲ್ಲಿನ ನೋವು ಹೊಸ ಸುದ್ದಿಯಲ್ಲ. ಭತ್ತದ ನಾಟಿಯ ಕಾಲದಿಂದಲೂ ಕೆನ್ನೆ ಊದುವುದು, ಇಳಿಯುವುದು, ಮತ್ತೆ ಊದುವುದು. ಒಸಡಿನಿಂದ ಕೀವು ಬರುತ್ತಿತ್ತು. ಲವಂಗ ಕಚ್ಚಿಕೊಂಡೇ ಅಡುಗೆ ಮಾಡುತ್ತಿದ್ದಳು, ಎಲ್ಲರಿಗೂ ಬಡಿಸುತ್ತಿದ್ದಳು, ತಾನು ಗಂಜಿ ಕುಡಿದು ಏಳುತ್ತಿದ್ದಳು. ನಾವು? ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆವು.

ಕೀಳಿಸಿಬಿಡು ಎಂದರು ಎಲ್ಲರೂ. ಆಕೆ ಒಪ್ಪಲಿಲ್ಲ. ತೇವಾರ ಎಂಬ ಊರಿನಲ್ಲಿದ್ದ ಅವಳ ಅಣ್ಣ ಹಲ್ಲು ಕೀಳಿಸಿಕೊಂಡು ಮನೆಗೆ ಬಂದವನು ಜ್ವರ ಹಿಡಿದು ಮಲಗಿದ, ಮತ್ತೆ ಏಳಲಿಲ್ಲ. ಅಂದಿನಿಂದ ಇಕ್ಕಳ ಕಂಡರೆ ಅವಳು ಜಾಗ ಬಿಟ್ಟು ಹೋಗುತ್ತಾಳೆ.

ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದಾರಲ್ಲ, ಅಲ್ಲಿನ ಆಫೀಸಿನ ಗುಮಾಸ್ತರೊಬ್ಬರು ನನಗೆ ಪರಿಚಯ. ಮದರಾಸಿನಿಂದ ಒಬ್ಬ ಡೆಂಟಿಸ್ಟ್ ದಿಂಡಿಗಲ್ಲಿಗೆ ಬಂದು ಸ್ಟೇಷನ್ ಹತ್ತಿರ ಇಳಿದುಕೊಂಡಿದ್ದಾನೆ, ಹಲ್ಲು ಕೀಳದೆಯೇ ನೋವು ತೆಗೆಯುತ್ತಾನೆ ಎಂದು ಅವರೇ ಹೇಳಿದರು. ಗಾಡಿ ಕಟ್ಟಿಸಿದೆ. ದಾರಿಯುದ್ದಕ್ಕೂ ಕೆಂಚಮ್ಮ ಗಾಡಿ ಕುಲುಕಿದಾಗಲೆಲ್ಲ ಕೆನ್ನೆ ಹಿಡಿದುಕೊಳ್ಳುತ್ತಿದ್ದಳು.

ಡೆಂಟಿಸ್ಟ್ ನೋಡಿದ. ಒಂದು ಬೇರಿನಲ್ಲಿ ಕೀವು ತುಂಬಿದೆ, ಇನ್ನೊಂದರ ನರಕ್ಕೆ ಇನ್ನೂ ಜೀವವಿದೆ, ಆ ನರವನ್ನು ಆರ್ಸೆನಿಕ್ ಇಟ್ಟು ಕೊಲ್ಲಬೇಕು ಎಂದ. ಅವನ ಇಂಗ್ಲಿಷನ್ನು ಅವಳಿಗೆ ಹೇಳಬೇಕಾದವನು ನಾನು. ಆರ್ಸೆನಿಕ್ ಅಂದರೆ ಪಾಷಾಣ. ‘ಮದ್ದು’ ಎಂದಷ್ಟೇ ಹೇಳಿ ಸುಮ್ಮನಾಗಲೇ? ಆದರೆ ಬಾಯಿ ಅವಳದು. ಇದ್ದದ್ದನ್ನು ಇದ್ದಂತೆ ಹೇಳಿದೆ.

“ಕೊಂದ್ಮೇಲೆ ಅಲ್ಲು ಇರುತ್ತಾ, ಉದುರೋಗುತ್ತಾ?” ಎಂದಳು.

ಇರುತ್ತದೆ, ಕಡಿಯಬಹುದು, ನೋಯುವುದಿಲ್ಲ ಎಂದೆ. ಪಾಷಾಣ ಹೊಟ್ಟೆಗೆ ಇಳಿದರೆ ಎಂದು ಕೇಳಿದಳು. ಡೆಂಟಿಸ್ಟನನ್ನು ಕೇಳಿದೆ. ಇಡುವುದು ಸಾಸಿವೆಗಿಂತ ಕಡಿಮೆ, ಮೇಲೆ ಭದ್ರವಾಗಿ ಮುಚ್ಚುತ್ತೇನೆ, ಸೋರಿದರೆ ಒಸಡು ಸುಡುತ್ತದೆ, ಆಗ ತಕ್ಷಣ ಕರೆದುಕೊಂಡು ಬಾ ಎಂದ. ಮುಚ್ಚುಮರೆ ಇಲ್ಲದ ಮನುಷ್ಯ.

ಅವಳು ತಟ್ಟೆಯಲ್ಲಿದ್ದ ಇಕ್ಕಳವನ್ನು ಸ್ವಲ್ಪ ಹೊತ್ತು ನೋಡಿದಳು.

“ಅಣ್ಣಂಗೆ ಯಾರೂ ಇಷ್ಟು ಬಿಡ್ಸಿ ಏಳ್ನಿಲ್ಲ,” ಎಂದಳು. “ಇಕ್ಲಿ ಬಿಡ್ರಿ.”

ಆ ಸಂಜೆ ಛತ್ರದ ಜಗಲಿಯಲ್ಲಿ ಎಂಜಲು ನುಂಗುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ನಾನು ಹೊಗೆಸೊಪ್ಪಿನ ಗಾಡಿಗಳನ್ನು ನೋಡುವವನಂತೆ ನಟಿಸಿದೆ. ನನಗೂ ಭಯವಿತ್ತು. ಮರುದಿನಕ್ಕೆ ನೋವು ನಿಂತಿತು. ಮತ್ತೆ ಹೋದಾಗ ಆತ ದರ್ಜಿಯ ಮಿಷನ್ನಿನಂತೆ ಕಾಲಲ್ಲಿ ತುಳಿಯುವ ಯಂತ್ರದಿಂದ ಹಲ್ಲು ಕೊರೆದು, ಸಣ್ಣ ತಂತಿಯಿಂದ ನರ ಎಳೆದು, ಬೇರನ್ನು ತೊಳೆದು, ಯಾವುದೋ ಮರದ ಅಂಟು ತುಂಬಿದ. ಹೊರತೆಗೆದ ನರ ಅವಳ ಕೂದಲಿಗಿಂತ ಸ್ವಲ್ಪ ದಪ್ಪ. “ಇಷ್ಟೇನಾ?” ಎಂದು ಕೇಳಿ, ಅಲ್ಲೇ ಕೂತು ಅತ್ತಳು.

ಊರಿಗೆ ಬಂದಾಗ ಪೊಂಗಲ್ ಹತ್ತಿರವಿತ್ತು. ಕತೆಯೆಲ್ಲ ಕೇಳಿದ ನಮ್ಮವ್ವ ಕೊನೆಗೊಂದು ಪ್ರಶ್ನೆ ಕೇಳಿದರು. ಹಲ್ಲು ಸತ್ತಿದೆ ಅಂದ ಮೇಲೆ ಅದು ತೀಟ್ಟಲ್ಲವೇ? (ನಿಮ್ಮ ಕಡೆ ಮೈಲಿಗೆ ಅನ್ನುತ್ತೀರಿ.)

“ಸತ್ತೋದ ಅಲ್ಲು ಬಾಯಾಗ ಇಟ್ಕಂಡು ಸಾಮಿಗೆ ಪೊಂಗಲ್ ಇಡಕಾಗುತ್ತಾ?”

ನೆರೆಮನೆಯವರು ಬಂದರು. ಬೀದಿಯವರು ಬಂದರು. ಎಲ್ಲರಿಗೂ ಕೆಂಚಮ್ಮ ಬಾಯಿ ತೆರೆದು ತೋರಿಸಬೇಕಾಯಿತು. ಆಗುತ್ತದೆ ಎಂದರು ಕೆಲವರು, ಆಗದು ಎಂದರು ಹಲವರು. ನಾನು ಬಾಯಿ ತೆರೆಯುವ ಮುಂಚೆ ಅವಳೇ ತೀರ್ಮಾನ ಹೇಳಿದಳು.

“ಅಂಗಾದ್ರೆ ಈ ವರ್ಸ ನೀವೇ ಇಡ್ರಿ ಅತ್ತೆ. ನಾ ಕೂತ್ಕಂಡು ತಿಂತೀನಿ.”

ಹಬ್ಬದ ದಿನ ಅವ್ವ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಪೊಂಗಲ್ ಇಟ್ಟರು. ಕೆಂಚಮ್ಮ ಅಂಗಳದಲ್ಲಿ ಕೂತು, ಅದೇ ಹಲ್ಲಿನಿಂದ ಕಬ್ಬು ಸಿಗಿದು ತಿಂದಳು. ಅವಳು ಕಬ್ಬು ತಿಂದದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಮಾರನೆಯ ದಿನ ಅವ್ವ ಸೌಟನ್ನು ಅವಳಿಗೇ ಕೊಟ್ಟರು. ದೇವರ ಅಡುಗೆಗೆ ಮಾತ್ರ ತೀಟ್ಟು, ಮನೆಮಂದಿಯ ಅಡುಗೆಗೆ ಇಲ್ಲವಂತೆ.

ಕೀವು ಸುರಿಯುತ್ತಿದ್ದಾಗ ಒಬ್ಬರೂ ನೋಡದ ಬಾಯನ್ನು, ನೋವು ಹೋದ ಮೇಲೆ ಬೀದಿಯೆಲ್ಲ ಬಂದು ಇಣುಕಿ ನೋಡಿದ್ದೇಕೆ?