ಬಕೆಟ್ ಸುಮ್ಮನಿದ್ದ ಭಾನುವಾರ

ಇದು ಮೂರು ವರ್ಷದ ಹಿಂದಿನ ಮಾತು. ಮೇ ತಿಂಗಳ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚನ್ನು ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಸಭೆ ಕರೆದಿದ್ದರು. ನಾನು ಮೂಡುಬಿದಿರೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಬಾಯಿ ಸ್ವಲ್ಪ ಜೋರು. ಟೀಚರು ಬಾರದಿದ್ದರೆ ಸಭೆ ಬೇಗ ಮುಗಿಯುತ್ತದೆ ಎಂದು ಹೇಳುವವರಿದ್ದರು, ಅದಕ್ಕೇ ನಾನು ಎಲ್ಲರಿಗಿಂತ ಮೊದಲು ಹೋಗಿ ಕುಳಿತಿದ್ದೆ.

ನಮ್ಮ ಚರ್ಚು ಇರುವುದು ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಒಂದು ಗುಡ್ಡದ ಮೇಲೆ. ಬ್ರಿಟಿಷರ ಕಾಲದಲ್ಲಿ ಈ ಕಡೆ ಇದ್ದ ದೊರೆಗಳು ತಮ್ಮ ಆಂಗ್ಲಿಕನ್ ಸಭೆಗೆಂದು ಕಟ್ಟಿಸಿದ್ದು. ಅವರು ಹಡಗು ಹತ್ತಿದ ಮೇಲೆ ಬೇರೆ ಬೇರೆ ಪ್ರಾಟೆಸ್ಟೆಂಟ್ ಸಭೆಗಳು ಒಂದಾಗಿ, ಅದು ನಮ್ಮ ಪಾಲಿಗೆ ಬಂತು. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಚೂಪಾಗಿ ಕೂಡುವ ಕಮಾನಿನ ಕಿಟಕಿಗಳು, ಛಾವಣಿಗೆ ಸಾಗುವಾನಿಯ ಪಕ್ಕಾಸು, ಕೆಂಪು ಹಂಚು. ಗೋಡೆಯ ನೆತ್ತಿಯ ಮೇಲೆ ಕೋಟೆಗೆ ಇರುವಂಥ ಹಲ್ಲುಗಳು, ಅದರ ಕೆಳಗೆ ಅಲ್ಲಲ್ಲಿ ಹೊರಗೆ ಚಾಚಿದ ಕಲ್ಲಿನ ಮೂತಿಗಳು. ಕ್ರಿಸ್ಮಸ್ಸಿಗೆ ಆ ಮೂತಿಗಳಿಗೆ ನಕ್ಷತ್ರ ತೂಗುಹಾಕುತ್ತಿದ್ದೆವು. ನನ್ನ ಮದುವೆ ಆದದ್ದು ಅಲ್ಲಿ, ನನ್ನ ಗಂಡನನ್ನು ಕೊನೆಯ ಸಲ ಕಳಿಸಿಕೊಟ್ಟದ್ದೂ ಅಲ್ಲಿಂದಲೇ. ಅದನ್ನು ಕೆಡವಲು ನಾನು ಬಿಡುವವಳಲ್ಲ.

ಆದರೆ ಚರ್ಚು ಸೋರುತ್ತಿತ್ತು. ಪಾದ್ರಿಗಳು ನಿಂತು ಬೋಧಿಸುವ ಪ್ರಸಂಗಪೀಠದ ಪಕ್ಕ, ಗೋಡೆಯ ತಲೆಯಿಂದ ನೀರು ಇಳಿದು ಸುಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಅಲ್ಲಿ ಒಂದು ಅಲ್ಯುಮಿನಿಯಂ ಬಕೆಟ್ ಇಡುತ್ತಿದ್ದೆವು. ಮಳೆಗಾಲವಿಡೀ ಪಾದ್ರಿಗಳ ಒಂದೊಂದು ಮಾತಿಗೂ ಆ ಬಕೆಟಿನ 'ಟಣ್' ತಾಳ ಹಾಕುತ್ತಿತ್ತು. ನಮ್ಮ ಊರಿನವರಿಗೆ ಸೋರಿಕೆ ಎಂದರೆ ಹಂಚು ಒಡೆದಿದೆ ಎಂದೇ ಅರ್ಥ. ಮಳೆಗೆ ಮೊದಲು ಜನ ಹತ್ತಿಸಿ ಹಂಚು ತಿರುಗಿಸಿ ಹಾಕಿಸುವುದು ಪ್ರತಿ ಮನೆಯ ಪದ್ಧತಿ. ಚರ್ಚಿಗೂ ಪ್ರತಿವರ್ಷ ಅದನ್ನೇ ಮಾಡಿಸುತ್ತಿದ್ದೆವು. ಸೋರಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇತ್ತು.

"ಇನ್ನು ಇದಕ್ಕೆ ದುಡ್ಡು ಸುರಿದು ಪ್ರಯೋಜನ ಇಲ್ಲ. ಕೆಡವಿ ಟೆರೇಸಿನ ಹಾಲ್ ಕಟ್ಟುವ" ಎಂದ ವಿಕ್ಟರ್. ಅವನು ಚರ್ಚಿನ ಕಾರ್ಯದರ್ಶಿ. ಏಳನೇ ಕ್ಲಾಸಿನಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಂಡವನು, ಈಗ ಅವನ ಮಾತಿಗೆ ಎಲ್ಲರೂ ತಲೆಯಾಡಿಸುತ್ತಿದ್ದರು.

ಅಷ್ಟರಲ್ಲಿ ಗುಡುಗಿ ಜೋರು ಮಳೆ ಬಂತು. ವಿಕ್ಟರ್ ಗೆದ್ದವನಂತೆ ಬಕೆಟ್ ಕಡೆ ಕೈ ತೋರಿಸಿದ. ಆದರೆ ಬಕೆಟ್ ಸುಮ್ಮನಿತ್ತು. ಒಂದಷ್ಟು ಹೊತ್ತು ಸುರಿದ ಮೇಲೆ ಟಣ್ ಎಂದಿತು. ಮಳೆ ನಿಂತಿತು, ಕಿಟಕಿಯಲ್ಲಿ ಬಿಸಿಲೂ ಬಂತು, ಬಕೆಟಿಗೆ ಇನ್ನೂ ನೀರು ಬೀಳುತ್ತಲೇ ಇತ್ತು. ಇಷ್ಟು ವರ್ಷ ಕೇಳಿದ ಸದ್ದೇ, ಆದರೆ ಅವತ್ತು ನನ್ನ ತಲೆಯಲ್ಲಿ ದೀಪ ಹತ್ತಿತು. ಹಂಚು ಒಡೆದಿದ್ದರೆ ಮಳೆಯ ಜೊತೆಗೇ ಸೋರಬೇಕು, ಮಳೆಯ ಜೊತೆಗೇ ನಿಲ್ಲಬೇಕು. ಇದು ಹಾಗಲ್ಲ. ಮೇಲೆ ಎಲ್ಲೋ ನೀರು ತುಂಬಿ ಆಮೇಲೆ ಉಕ್ಕುತ್ತಿದೆ.

ಎದ್ದು ನಿಂತು ಹೇಳಿದೆ. ವಿಕ್ಟರ್ ನಕ್ಕ. "ಟೀಚರೇ, ಇದು ಕ್ಲಾಸ್ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಾನು ಸರಿಮಾಡಿಸ್ತೇನೆ, ಒಂದು ಮಳೆ ನೋಡುವ. ಜೂನ್ ತಿಂಗಳ ಮಳೆಗೆ ಒಳಗೆ ಒಂದು ಹನಿ ಬಿದ್ದರೂ ಕೆಡವಲು ಮೊದಲ ಹಾರೆ ನಾನೇ ಹಾಕ್ತೇನೆ" ಎಂದುಬಿಟ್ಟೆ. ಪಾದ್ರಿಗಳು "ಆಗಲಿ" ಎಂದರು.

ಮರುದಿನ ಬಂಟ್ವಾಳದಿಂದ ಹಮೀದ್ ಅವರನ್ನು ಕರೆಸಿದೆ. ಹಂಚಿನ ಕೆಲಸದವರು, ನಮ್ಮ ಚರ್ಚಿಗೆ ಅವರು ಹೊಸಬರು. ಏಣಿ ಹತ್ತಿ ಗೋಡೆಯ ಹಲ್ಲುಗಳ ಹಿಂದೆ ಕೈಹಾಕಿದವರೇ ಕೂಗಿದರು: "ಟೀಚರೇ, ಇಲ್ಲಿ ಒಂದು ತೋಡೇ ಉಂಟು ಮಾರಾಯ್ರೆ! ಮಣ್ಣು ತುಂಬಿ ಹೋಗಿದೆ!"

ಆಗ ಎಲ್ಲ ತಿಳಿಯಿತು. ಮೂಡುಬಿದಿರೆಯ ಬಸದಿಯಾಗಲಿ, ನಮ್ಮ ಮನೆಗಳಾಗಲಿ, ಇಳಿಜಾರು ಮಾಡು ಗೋಡೆಯನ್ನು ದಾಟಿ ಹೊರಗೆ ಚಾಚಿರುತ್ತದೆ, ನೀರು ನೇರ ಅಂಗಳಕ್ಕೆ ಬೀಳುತ್ತದೆ. ದೊರೆಗಳು ತಮ್ಮ ದೇಶದ ರೂಢಿಯಂತೆ ಮಾಡನ್ನು ಗೋಡೆಯ ಹಿಂದೆ ಬಚ್ಚಿಟ್ಟಿದ್ದರು. ಹಂಚಿನ ನೀರು ಹಲ್ಲುಗಳ ಹಿಂದಿನ ಕಾಲುವೆಗೆ ಇಳಿದು, ಕಲ್ಲಿನ ಮೂತಿಗಳಿಂದ ಹೊರಗೆ ಹೋಗಬೇಕಿತ್ತು. ಪ್ರತಿವರ್ಷ ಹಂಚು ತಿರುಗಿಸಲು ಬಂದವರು ಒಡೆದ ಹಂಚು, ಕಸ, ಪಾಚಿ ಎಲ್ಲವನ್ನೂ ಅದೇ ಕಾಲುವೆಗೆ ತಳ್ಳಿದ್ದರು. ಯಾವಾಗಲೋ ಬಣ್ಣ ಬಳಿದವರು ಬಾವಲಿ ಬಾರದಿರಲೆಂದು ಮೂತಿಗಳಿಗೆ ಸಿಮೆಂಟು ಮೆತ್ತಿದ್ದರು. ಮದ್ದೇ ರೋಗವಾಗಿತ್ತು!

ಹಮೀದ್ ಮತ್ತು ಅವರ ಜನ ಬುಟ್ಟಿಗಟ್ಟಲೆ ಮಣ್ಣು ಇಳಿಸಿದರು. ಮೂತಿಯ ಸಿಮೆಂಟನ್ನು ಕಲ್ಲಿಗೆ ನೋವಾಗದಂತೆ ಸಣ್ಣ ಉಳಿಯಿಂದ ಬಿಡಿಸಿದರು. ಕಾಲುವೆಯ ತಳದ ಬಿರುಕುಗಳಿಗೆ ಗಾರೆ ತುಂಬಿ, "ಇನ್ನು ಮೇಲಿರುವವನೇ ಕಾಯ್ಬೇಕು" ಎಂದು ನಕ್ಕು ಹೋದರು.

ಜೂನ್ ಬಂತು. ಒಂದು ಭಾನುವಾರ ಪ್ರಸಂಗದ ನಡುವೆ ಆಕಾಶ ತೂತಾದ ಹಾಗೆ ಸುರಿಯಿತು. ಪಾದ್ರಿಗಳ ಮಾತು ಯಾರಿಗೂ ಬೇಡ, ಎಲ್ಲರ ಕಣ್ಣು ಬಕೆಟ್ ಮೇಲೆ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದೆ. ಬಹಳ ಹೊತ್ತು ಸುರಿದರೂ ಬಕೆಟ್ ಸುಮ್ಮನೇ ಇತ್ತು. ಕೊನೆಗೆ ಪಾದ್ರಿಗಳೂ ಮಾತು ನಿಲ್ಲಿಸಿ ಅದನ್ನೇ ನೋಡಿದರು.

ವಿಕ್ಟರಿಗೆ ತಡೆಯಲಾಗಲಿಲ್ಲ. ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಇಣುಕಿ, ಮೂತಿಯ ಕೆಳಗೇ ಹೋಗಿ ನಿಂತು ಮೇಲೆ ನೋಡಿದ. ಅದೇ ಹೊತ್ತಿಗೆ ಮೂತಿಯೊಳಗೆ ಉಳಿದಿದ್ದ ಕಸ ಕಿತ್ತು ಕೆಂಪು ನೀರು ಧೋ ಎಂದು ಅವನ ಬಿಳಿ ಅಂಗಿಯ ಮೇಲೆ ಇಳಿಯಿತು. ಹೆಂಗಸರ ಸಾಲಿನಲ್ಲಿ ನಗು ಉಕ್ಕಿತು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒದ್ದೆಯಾಗಿಯೇ ಅವನು ಒಳಗೆ ಬಂದ. ನೇರವಾಗಿ ಪ್ರಸಂಗಪೀಠದ ಹತ್ತಿರ ಹೋಗಿ ಬಕೆಟ್ ಎತ್ತಿ, ಎಲ್ಲರೆದುರು ಬೋರಲು ಹಿಡಿದ. ಒಂದು ಹನಿ ಬೀಳಲಿಲ್ಲ. ಬಿದ್ದದ್ದು ಅವನ ತಲೆಗೂದಲಿನಿಂದ ಮಾತ್ರ.

"ಟೀಚರೇ, ಹಾರೆ ಬೇಡ" ಎಂದ.

ನಮ್ಮ ಚರ್ಚಿನಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವತ್ತು ತಟ್ಟಿದರು. ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಈಗ ಮಳೆಗೆ ಮೊದಲು ಹಂಚಿಗಿಂತ ಮುಂಚೆ ಕಾಲುವೆ ಸ್ವಚ್ಛವಾಗುತ್ತದೆ, ವಿಕ್ಟರನೇ ನಿಂತು ಮಾಡಿಸುತ್ತಾನೆ. ಮೊದಲ ಮಳೆಯ ದಿನ ನಾನು ಕೊಡೆ ಹಿಡಿದು ಅಂಗಳಕ್ಕೆ ಹೋಗುತ್ತೇನೆ. ಎಲ್ಲ ಮೂತಿಗಳೂ ಒಟ್ಟಿಗೆ ನೀರು ಉಗುಳುವುದನ್ನು ನೋಡಿದಾಗ ಎದೆ ಉಬ್ಬುತ್ತದೆ. ಹೆಮ್ಮೆ ಪಾಪ ಎಂದು ಪಾದ್ರಿಗಳು ಹೇಳುತ್ತಾರೆ. ಇರಬಹುದು. ಆ ಒಂದು ಪಾಪ ನನಗಿರಲಿ.