ದೊಡ್ಡವ್ವನಿಗೆ ನಾನು ಓದದ ಹಾಳೆ

ಸುರಪುರದಿಂದ ಬೋನಾಳದ ಕಡೆ ಹೋಗುವ ದಾರಿಯಲ್ಲಿದ್ದ ನಮ್ಮೂರಿಗೆ ಆಗೆಲ್ಲ ಬೆಳಗಾಗುತ್ತಿದ್ದುದು ಮಾರ್ತವ್ವ ದೊಡ್ಡವ್ವನ ಕೂಗಿಗೆ. ನನ್ನವ್ವನ ಅಕ್ಕ ಅವಳು. ಹೊಲಕ್ಕೆ ಹೋಗುವ ಹೆಣ್ಣಾಳುಗಳ ಗುಂಪಿಗೆ ಅವಳೇ ಮುಂದಾಳು. "ಏ ನಿಂಗವ್ವಾ, ಗಂಡನ ಮಗ್ಗಲ ಬಿಟ್ಟು ಏಳ!" ಎಂದು ಓಣಿಯ ಒಂದೊಂದು ಬಾಗಿಲಲ್ಲೂ ನಿಂತು ಒದರುತ್ತಿದ್ದಳು. ಒಳಗಿನಿಂದ "ಬಂದ್ನಿ" ಎನ್ನುವ ತನಕ ಮುಂದಿನ ಮನೆಗೆ ಹೋಗುತ್ತಿರಲಿಲ್ಲ.

ಅದೇ ದನಿ ಭಾನುವಾರ ನಮ್ಮ ಓಣಿಯ ತಗಡಿನ ಪ್ರಾರ್ಥನಾ ಖೋಲಿಯಲ್ಲಿ ದೇವರ ಮಾತು ಹೇಳುತ್ತಿತ್ತು. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಐದನೇ ತರಗತಿಯ ನಾನು ಬೈಬಲಿನ ಒಂದು ಸಾಲು ಓದುವುದು, ಅವಳು ಅದನ್ನು ನಮ್ಮ ಮಾತಿಗೆ ತಂದು ಹೇಳುವುದು. ಓದದ್ದನ್ನು ಅವಳು ಎಂದೂ ಹೇಳುತ್ತಿರಲಿಲ್ಲ. ಓದಿದ ಮೇಲೆ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಏಸುವಿನ ಶಿಷ್ಯ ಪೇತ್ರನ ಸಂಗತಿ ಬಂದರಂತೂ ಎದ್ದು ನಿಂತೇ ಹೇಳುತ್ತಿದ್ದಳು.

"ಮೀನ ಹಿಡಿಯಾಂವ, ನನ್ನಂಗ ಹೆಬ್ಬೆಟ್ಟ. ಏಸಪ್ಪನ್ನ ಹಿಡಕೊಂಡು ಹೋದಾಗ ಮೂರು ಸಲ 'ಆತ ಯಾರೋ ನಾ ಕಾಣೆ' ಅಂದ. ಅಂಥಾ ಪುಕ್ಕಲನ ಮ್ಯಾಲ ದೇವರ ಆತ್ಮ ಇಳೀತು ನೋಡ್ರಿ, ದೊಡ್ಡ ದೊಡ್ಡ ಹಿರೇರ ಮುಂದ ನಿಂತು, ಕಂಡದ್ದು ಹೇಳೇ ಹೇಳ್ತೀವಿ, ಬಾಯಿ ಮುಚ್ಚಂಗಿಲ್ಲ ಅಂದ!"

ನಾವು ಹುಡುಗಿಯರು ಗಜಗದ ಆಟ ಬಿಟ್ಟು ಬಾಯಿ ತೆರೆದು ಕೂರುತ್ತಿದ್ದೆವು. ಮುಗಿದ ಮೇಲೆ ಅವಳ ಸೆರಗಿನ ಗಂಟು ಬಿಚ್ಚಿ ಎಣ್ಣೆಯಲ್ಲಿ ಹುರಿದ ಶೇಂಗಾ ನನಗೊಂದು ಹಿಡಿ. "ಓದಿದಾಕಿ ಪಾಲು."

ಆ ವರ್ಷ ಹತ್ತಿಗೆ ವಿಪರೀತ ಹುಳ. ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣಿ ಎನ್ನುತ್ತಾರೆ. ಅದರ ವಾಸನೆ ಬುತ್ತಿಯ ರೊಟ್ಟಿಗೂ ಹತ್ತಿತ್ತು. ನಮ್ಮವರೆಲ್ಲ ದುಡಿಯುತ್ತಿದ್ದ ಸಾವ್ಕಾರರ ಹೊಲದಲ್ಲಿ ನಮ್ಮ ಓಣಿಯ ಭೀಮಪ್ಪ, ಮೂಗಿಗೆ ಒಂದು ಅರಿವೆಯೂ ಇಲ್ಲದೆ, ಬೆನ್ನಿಗೆ ಪಂಪು ಹೊತ್ತು ಎಣ್ಣಿ ಹೊಡೆಯುತ್ತ ಬಿದ್ದು ಸತ್ತ. ಪಕ್ಕದ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ದೊಡ್ಡವ್ವ ಎಲ್ಲವನ್ನೂ ಕಂಡಿದ್ದಳು. ಊರಲ್ಲಿ ಹಬ್ಬಿದ್ದು ಮಾತ್ರ ಬೇರೆ ಸುದ್ದಿ: ಹೆಂಡತಿಯ ಜಗಳಕ್ಕೆ ಬೇಸತ್ತು ಭೀಮಪ್ಪ ತಾನೇ ಎಣ್ಣಿ ಕುಡಿದ. ಹೆಂಡತಿ ಹುಲಿಗೆವ್ವ ಅಲ್ಲವೆಂದು ಅತ್ತರೂ ಯಾರೂ ಕೇಳಲಿಲ್ಲ.

ಬರುವ ಭಾನುವಾರ ದೊಡ್ಡವ್ವ ಪೇತ್ರನ ಆ ಹಾಳೆ ಓದಿಸಿ, ತಾನು ಕಂಡದ್ದನ್ನೂ ಹೇಳುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾವ್ಕಾರರ ಮನೆಯಲ್ಲಿ ಸಂಬಳದಾಳಾಗಿದ್ದ ನನ್ನಪ್ಪನಿಗೂ. ಭಾನುವಾರ ಬೆಳಿಗ್ಗೆ ಅವನು ನನ್ನನ್ನು ಬದಿಗೆ ಕರೆದ.

"ರೂತೀ, ಇವತ್ತ ಆ ಹಾಳಿ ತಗೀಬ್ಯಾಡ. ನೀ ಓದಲಿಲ್ಲಂದ್ರ ಅಕಿ ಹೇಳಂಗಿಲ್ಲ."

"ಸುಳ್ಳಾಗ್ತದಲ್ಲಪ್ಪಾ?"

"ಓದದಿದ್ರ ಸುಳ್ಳು ಹ್ಯಾಂಗ ಆಗ್ತದ? ನಾಳಿ ಹೊಟ್ಟಿಗೆ ಏನ್ ಹಾಳಿ ತಿಂತೀ?"

ಖೋಲಿ ತುಂಬಿತ್ತು. ಬಾಗಿಲ ಬಳಿ ಹುಲಿಗೆವ್ವ. ಹೊರಗೆ ಬೇವಿನ ಕಟ್ಟೆಯ ಮೇಲೆ ಸಾವ್ಕಾರರ ಕಡೆಯ ಇಬ್ಬರು ಬೀಡಿ ಸೇದುತ್ತ ಕಿವಿಗೊಟ್ಟಿದ್ದರು. ನಾನು ಪುಸ್ತಕ ತೆರೆದು, ಇಂಥವನ ಮಗ ಇಂಥವನು ಎಂಬ ಹೆಸರುಗಳ ಸಾಲು ಓದತೊಡಗಿದೆ.

"ಇದಲ್ಲ ಮಗಳ. ಪೇತ್ರಂದು."

"ಇದೇ ಬಂದದ ದೊಡ್ಡವ್ವ."

"ಹಾಳಿ ತಿರುವು."

"ಆ ಹಾಳಿ ಇಲ್ಲ."

"ಯಾರರ ಹರದಾರೇನು?"

"ನಂಗೊತ್ತಿಲ್ಲ."

ಹಾಳೆ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಅದರ ಅಂಚಿಗೆ ಹಿಂದೆಂದೋ ನನ್ನ ಕೈಯ ಶೇಂಗಾ ಎಣ್ಣೆಯ ಕಲೆ ಬಿದ್ದಿತ್ತು. ಅಕ್ಷರ ಬಾರದವಳಿಗೂ ಗುರುತು ಹತ್ತುವ ಕಲೆ. ದೊಡ್ಡವ್ವ ಅದನ್ನು ನೋಡಿದಳು. ಆಮೇಲೆ ತಲೆ ಬಗ್ಗಿಸಿ ಕೂತಿದ್ದ ನನ್ನಪ್ಪನನ್ನು ನೋಡಿದಳು.

ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟಳು. "ಹುಡುಗಿ ಹೆದರ್ಯಾಳ. ಪೇತ್ರನೂ ಹೆದರಿದ್ದ. ಇವತ್ತ ಪುಸ್ತಕ ಬ್ಯಾಡ" ಎಂದವಳೇ ಹುಲಿಗೆವ್ವನನ್ನು ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ಹೋಗಿ ಕಟ್ಟೆಯವರ ಎದುರು ನಿಂತಳು. ಓಣಿಯ ಕೊನೆಯ ಮನೆಗೂ ಮುಟ್ಟುವ ಅದೇ ಬೆಳಗಿನ ದನಿ.

"ಭೀಮಪ್ಪ ಎಣ್ಣಿ ಕುಡಿದಿಲ್ಲ! ಕಣ್ಣು ಮಂಜಾಗ್ಯಾವು, ಬಿಡ್ರಿ ಸಾವ್ಕಾರ್ರ ಅಂದ. ಪಂಪು ಖಾಲಿ ಮಾಡಿ ಹೋಗು ಅಂದ್ರು. ನಾ ಕಂಡೀನಿ. ನಾ ಸಾಕ್ಷಿ!"

"ಏ ಮುದುಕಿ, ಬಾಯಿ ಮುಚ್ಚು. ನಾಳಿ ಕೆಲಸ ಬ್ಯಾಡೇನು?"

"ಈ ಬಾಯಿ ಇವತ್ತ ನಂದಲ್ಲೋ ತಮ್ಮಾ. ಮುಚ್ಚಾಕ ಬರವಲ್ದು."

ನಮ್ಮವರಲ್ಲಿ ಒಬ್ಬರೂ ಆಮೆನ್ ಅನ್ನಲಿಲ್ಲ.

ಮಾರ್ತವ್ವನ ಹಿಂದೆ ಬಂದವರಿಗೆ ಹೊಲದಲ್ಲಿ ಕೆಲಸವಿಲ್ಲ ಎಂದು ಸಂಜೆಗೇ ಸಾವ್ಕಾರರಿಂದ ಸುದ್ದಿ ಬಂತು. ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಓಣಿಗೆ ಬಂದು ಕೂಗಿದಳು. ಯಾವ ಬಾಗಿಲೂ ತೆರೆಯಲಿಲ್ಲ. ನಮ್ಮ ಬಾಗಿಲಿಗೂ ಬಂದಳು. "ರೂತೀ" ಎಂದಳು, ಅಷ್ಟೇ. ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಇಡುವ ಅಗತ್ಯವಿರಲಿಲ್ಲ.

ವಾರದೊಳಗೆ ದೊಡ್ಡವ್ವ ಹುಲಿಗೆವ್ವನನ್ನು ಕರೆದುಕೊಂಡು ಪುಣೆಗೆ ಗಾರೆ ಕೆಲಸಕ್ಕೆ ಹೋದಳು. ಅಲ್ಲೇ ಮಣ್ಣಾದಳು.

ಈಗ ತಗಡಿನ ಖೋಲಿ ಹೋಗಿ ಸಿಮೆಂಟಿನ ಕಟ್ಟಡ ಎದ್ದಿದೆ, ಮೈಕು ಬಂದಿದೆ. ಓದುವವಳು ಈಗಲೂ ನಾನೇ. ಪೇತ್ರನ ಹಾಳೆಯನ್ನು ಒಂದಕ್ಷರ ಬಿಡದೆ ಓದುತ್ತೇನೆ. ಎಲ್ಲರೂ ಗಟ್ಟಿಯಾಗಿ ಆಮೆನ್ ಅನ್ನುತ್ತಾರೆ. ಹೊರಗಿನ ಕಟ್ಟೆ ಖಾಲಿ ಇರುತ್ತದೆ. ನಮ್ಮ ಮಾತಿಗೆ ಹೆದರಿ ಬಂದು ಕಿವಿಗೊಡುವವರು ಯಾರೂ ಉಳಿದಿಲ್ಲ. ಮೂರು ಸಲ ಇಲ್ಲವೆಂದ ಪೇತ್ರನಿಗೆ ಆಮೇಲಾದರೂ ಬಾಯಿ ತೆರೆಯುವ ದಿನ ಬಂತು. ನನಗೆ ಅಂಥ ದಿನ ಬಂದದ್ದು ಆ ಸೋಮವಾರವೇ. "ಬಂದ್ನಿ" ಎನ್ನುವುದನ್ನು ಕೇಳದೆ ದೊಡ್ಡವ್ವ ನಮ್ಮ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋದದ್ದು ಅದೊಂದೇ ಸಲ.